ಚಿಕ್ಕಪ್ಪನಿಗೆ ಬಗ್ಗದ ಬೈಕು

ಅಂತರಸಂತೆಯಲ್ಲಿ ಟೀ ಕುಡಿಯಲು ನಿಂತಿದ್ದೆವು. ಅಪ್ಪನ ಹಳೇ ಬೈಕಿನಲ್ಲಿ ಅಕ್ಕ, ನಾನು ಇಬ್ಬರೇ ಬಂದಿದ್ದೆವು. ಕಿಕ್ ಹೊಡೆದು ಸ್ಟಾರ್ಟ್ ಮಾಡಿದವರೇ ಓಡಿಸಬೇಕು ಅನ್ನೋದು ಅಪ್ಪ ಮಾಡಿದ ಕಾನೂನು. ಹಾಗಾಗಿ ಚಿಕ್ಕಪ್ಪನಿಗೆ ಇದನ್ನು ಓಡಿಸುವ ಭಾಗ್ಯ ಒಂದು ದಿನವೂ ಸಿಗಲಿಲ್ಲ. “ನಿಮ್ಮಪ್ಪನ ಕಾಲಿಗ್ ಮಾತ್ರ ಬಗ್ಗೋದು ಕಣ್ಲಾ ಅದು” ಅಂತ ಈಗಲೂ ಹೇಳುತ್ತಾರೆ.

ಕಾಡಿನ ರಸ್ತೆ ಇನ್ನು ಮುಂದೆ ಶುರು. ಅದನ್ನು ನಾನೇ ಓಡಿಸಬೇಕೆಂದು ಹುಣಸೂರಿನಿಂದ ಹಿಂದಿನ ಸೀಟಿನಲ್ಲಿ ತೆಪ್ಪಗೆ ಕೂತು ಬಂದಿದ್ದೆ. ಟೀ ಮುಗಿಸಿ ಕಿಕ್ ಹೊಡೆದೆ. ಗಾಡಿ ನಾಲ್ಕು ಮಾರು ಹೋಗಿ ಆಫ್ ಆಯಿತು. ಆಮೇಲೆ ಎಷ್ಟು ಒದ್ದರೂ ಉಸಿರೆತ್ತಲಿಲ್ಲ. ಬೆವರಿಗೆ ಅಂಗಿ ಬೆನ್ನಿಗಂಟಿತು. ಅಕ್ಕ ಎರಡನೇ ವಡೆ ತಿನ್ನುತ್ತಾ ನೋಡುತ್ತಿದ್ದಳು.

“ಬುಡು, ನಾನ್ ನೋಡ್ತೀನಿ” ಅಂತ ಬಂದವಳು ಬಗ್ಗಿ ಟ್ಯಾಂಕ್ ಸವರಿದಳು. ಒಂದೇ ಕಿಕ್ಕಿಗೆ ಗಾಡಿ ಗುಡುಗಿತು.

ಟೀ ಅಂಗಡಿಯಮ್ಮನಿಗೆ ನಗು ತಡೆಯಲಾಗಲಿಲ್ಲ. “ನೀನು ಕೈ ತೊಳೆಯಕ್ ಹೋದಾಗ ನಿಮ್ಮಕ್ಕ ಟ್ಯಾಂಕ್ ಕೆಳಗೆ ಪೆಟ್ರೋಲ್ ಬಂದ್ ಮಾಡುದ್ರು ಕಣಪ್ಪ!”

ನಾನು ಅಕ್ಕನನ್ನು ದುರುಗುಟ್ಟಿ ನೋಡಿದೆ.

“ಅಪ್ಪ ಹೇಳ್ಕೊಟ್ಟಿದ್ದು ಕಣೋ” ಅಂದಳು. “ಹತ್ತು, ಹಿಂದೆ ಕೂತ್ಕೋ. ಚಿಕ್ಕಪ್ಪಂಗ್ ಮಾತ್ರ ಹೇಳ್ಬೇಡ.”