ದ್ವೀಪದ ರೇಡಿಯೊಗೆ ಕಲ್ಲಾಂಗ್‌ನಲ್ಲೊಂದು ಕಿವಿ

ಮಂಗಳವಾರ, ಬೆಳಿಗ್ಗೆ ಆರೂವರೆ. ಸಿಂಗಪುರದಲ್ಲಿ ಬೆಳಕು ಹರಿಯಲು ಇನ್ನೂ ಅರ್ಧ ಗಂಟೆ ಬೇಕು. ಕಲ್ಲಾಂಗ್‌ನ ಹಳೆಯ ಕೈಗಾರಿಕಾ ಕಟ್ಟಡದ ಏಳನೆಯ ಮಹಡಿಯ ಕಾರಿಡಾರ್‌ನಲ್ಲಿ ಐವತ್ತೆರಡು ವರ್ಷದ ಪದ್ಮಜಾ ಅನಂತರಾಮ್ ಅಂಗೈಯಗಲದ ರೇಡಿಯೊವೊಂದನ್ನು ಕಿವಿಗೆ ಹಿಡಿದು, ನಿಂತಲ್ಲೇ ನಿಧಾನವಾಗಿ ತಿರುಗುತ್ತಿದ್ದಾರೆ. ಕಸ ಗುಡಿಸಲು ಬಂದ ಮುದುಕ ಒಂದು ಕ್ಷಣ ನೋಡಿ, ಇದು ದಿನದ ಪಾಡು ಎಂಬಂತೆ ಪೊರಕೆ ಎಳೆದುಕೊಂಡು ಮುಂದೆ ಹೋಗುತ್ತಾನೆ.

ರೇಡಿಯೊದಲ್ಲಿ ಇಬ್ಬರು ಒಟ್ಟಿಗೇ ಮಾತಾಡುತ್ತಿದ್ದಾರೆ. ಒಂದು, ಮಲಯ್ ಭಾಷೆಯಲ್ಲಿ ತಡೆತಡೆದು ಓದುವ ವಯಸ್ಸಾದ ದನಿ. ಇನ್ನೊಂದು, ಯಾವುದೋ ದೂರದೇಶದ ಗಟ್ಟಿ ಗಂಟಲು.

"ಕೇಳಿಸ್ತಾ? ನಮ್ಮಜ್ಜ ಕಡಲಿಗೆ ಹೋಗೋರಿಗೆ ಗಾಳಿ ಸುದ್ದಿ ಓದ್ತಿದಾರೆ, ಇವನು ಎಲ್ಲಿಂದಲೋ ಬಂದು ಅವರ ತಲೆ ಮೇಲೆ ಕೂತಿದಾನೆ. ಈಗ ನೋಡಿ," ಎನ್ನುತ್ತ ಪದ್ಮಜಾ ರೇಡಿಯೊವನ್ನು ಕಾಲು ಸುತ್ತು ತಿರುಗಿಸುತ್ತಾರೆ. ಗಟ್ಟಿ ಗಂಟಲು ಸಣ್ಣಗಾಗುತ್ತದೆ, ಅಜ್ಜನ ದನಿ ಮೇಲೇಳುತ್ತದೆ. ಪದ್ಮಜಾ ಅವರ ಮುಖ ಅರಳುತ್ತದೆ. "ಇಷ್ಟೇ ಕಣ್ರೀ. ಇದನ್ನ ಗುರುವಾರದೊಳಗೆ ಅಲ್ಲಿ, ಆ ಗುಡ್ಡದ ಮೇಲೆ ಮಾಡ್ಬೇಕು. ಇಲ್ಲಾಂದ್ರೆ ಅಜ್ಜನ ಸ್ಟೇಷನ್ ಕ್ಲೋಸ್."

ಅಜ್ಜ ಎಂದರೆ ಪಾಕ್ ಸುಲೈಮಾನ್. ಪಾಕ್ ಎಂಬುದು ಅಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಇಲ್ಲಿಂದ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್ ದೂರದಲ್ಲಿ, ಇಂಡೊನೇಷ್ಯಾಕ್ಕೆ ಸೇರಿದ ಪುಲಾವ್ ಮೆಲೂರ್ ಎಂಬ ಸಣ್ಣ ದ್ವೀಪದಲ್ಲಿ ಅವರದೊಂದು ಎ.ಎಂ. ರೇಡಿಯೊ ಕೇಂದ್ರವಿದೆ. ಹೆಸರು ರೇಡಿಯೊ ಓಂಬಾಕ್. ಓದುವವರು, ಹಾಡು ಹಾಕುವವರು, ಬೀಗ ಹಾಕುವವರು ಎಲ್ಲ ಸುಲೈಮಾನರೇ. ಯಾರ ಮನೆಯಲ್ಲಿ ಮದುವೆ, ಯಾರ ದೋಣಿ ಇನ್ನೂ ಬಂದಿಲ್ಲ, ಇವತ್ತು ಕಡಲಿಗೆ ಇಳಿಯಬಹುದೋ ಬೇಡವೋ ಎಂಬುದೆಲ್ಲ ಮೂವತ್ತು ವರ್ಷದಿಂದ ಆ ಜನಕ್ಕೆ ಗೊತ್ತಾಗುವುದು ಅವರ ಬಾಯಿಂದ.

ಆದರೆ ಇದು 2015. ಎ.ಎಂ. ಹಿಡಿಯುವ ರೇಡಿಯೊಗಳು ಒಂದೊಂದಾಗಿ ಕೆಟ್ಟು ಮೂಲೆ ಸೇರಿವೆ. ಮೀನುಗಾರರ ಕೈಯಲ್ಲಿರುವುದು ಮೊಬೈಲ್. ಅದರಲ್ಲಿ ಎಫ್.ಎಂ. ಮಾತ್ರ ಬರುತ್ತದೆ. ಹಾಗಾಗಿ ದ್ವೀಪದ ಪೂರ್ವ ತುದಿಯ ಮೀನುಗಾರರ ಹಳ್ಳಿಯ ಪಕ್ಕದ ಗುಡ್ಡದ ಮೇಲೆ ಒಂದು ಪೆಟ್ಟಿಗೆ ಇಡಲಾಗಿದೆ. ಎ.ಎಂ.ನಲ್ಲಿ ಬಂದದ್ದನ್ನು ಹಿಡಿದು ಅದು ಎಫ್.ಎಂ.ನಲ್ಲಿ ಊರಿಗೆ ಹಂಚುತ್ತದೆ. ಟ್ರಾನ್ಸ್‌ಲೇಟರ್ ಎಂದು ಅದರ ಹೆಸರು. ಇಂಟರ್ನೆಟ್ ಇನ್ನೂ ತಲುಪದ ಆ ಗುಡ್ಡದಲ್ಲಿ ಬೇರೆ ದಾರಿಯೂ ಇಲ್ಲ.

ಇಂಥ ಪೆಟ್ಟಿಗೆಗಳ ಹೆರಿಗೆ, ಬಾಣಂತನ ಎರಡೂ ಪದ್ಮಜಾ ಅವರದು. ಹದಿನಾರು ವರ್ಷದಿಂದ ಕಲ್ಲಾಂಗ್‌ನ ಒಂದು ಚಿಕ್ಕ ಕಂಪನಿಯಲ್ಲಿ ಅವರು ಟೆಕ್ನಿಷಿಯನ್. ಸುತ್ತಲ ದ್ವೀಪಗಳ ಹದಿನಾಲ್ಕು ಪುಟ್ಟ ಸ್ಟೇಷನ್, ಒಂಬತ್ತು ಟ್ರಾನ್ಸ್‌ಲೇಟರ್ ಅವರ ಸುಪರ್ದಿನಲ್ಲಿವೆ. ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಬೆಸುಗೆ. ಇದುವರೆಗೆ ಮುನ್ನೂರ ನಲವತ್ತೊಂದು ಸಲ ಫೆರ್ರಿ ಹತ್ತಿದ್ದಾರೆ. "ಮೊದಲ ನೂರು ಸಲ ವಾಂತಿ. ಆಮೇಲೆ ಸಮುದ್ರಕ್ಕೇ ಬೇಜಾರಾಗಿ ಬಿಟ್ಬಿಡ್ತು," ಎಂದು ನಗುತ್ತಾರೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತವರು ಪದ್ಮಜಾ. ಬ್ಯಾಂಕ್ ಉದ್ಯೋಗಿ ಗಂಡ ಅನಂತರಾಮ್ ಜೊತೆ ಸಿಂಗಪುರದ ಸೆಂಬವಾಂಗ್‌ಗೆ ಬಂದು ನೆಲೆಸಿದ್ದಾರೆ. ಕನ್ನಡಿಗರ ಹಬ್ಬದೂಟದಲ್ಲಿ ಹೊಸಬರು "ಆಂಟಿ, ನೀವು ಯಾವ ಟೆಕ್ನಾಲಜಿ ಮೇಲೆ ವರ್ಕ್ ಮಾಡ್ತೀರಾ?" ಎಂದು ಕೇಳಿದರೆ, ಅವರು ಸುಟ್ಟ ಕಲೆಗಳಿರುವ ಬೆರಳು ತೋರಿಸುತ್ತಾರೆ. "ಬೆಸುಗೆ ಹಾಕ್ತೀನಮ್ಮಾ ಅಂದ್ರೆ ಪಾಪ, ಮಾತು ಎಲ್ಲಿಗೆ ತಗೊಂಡ್ಹೋಗೋದು ಅಂತ ಅವರಿಗೇ ಗೊತ್ತಾಗಲ್ಲ. ಪಲ್ಯ ಬಡಿಸ್ತಾರೆ."

ಪುಟ್ಟ ಸ್ಟೇಷನ್‌ಗಳ ಕಷ್ಟ ಒಂದೆರಡಲ್ಲ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ. ಟವರ್ ಬುಡದಲ್ಲಿ ಹೂತಿಟ್ಟ ತಂತಿಯನ್ನು ಕಳ್ಳರು ಅಗೆದು ಒಯ್ಯುತ್ತಾರೆ. ಒಮ್ಮೆ ಮೇಕೆಯೊಂದು ಕೇಬಲ್ ಮೆದ್ದು ಎರಡು ದಿನ ಊರಿಗೂರೇ ಮೂಕವಾಗಿತ್ತು. ಟ್ರಾನ್ಸ್‌ಮಿಟರ್‌ನ ಬಿಡಿಭಾಗಗಳನ್ನು ತಯಾರಿಸುವವರೇ ಈಗಿಲ್ಲ. ಸತ್ತ ಮೂರು ಮೆಷಿನ್ ಬಿಚ್ಚಿ ಒಂದನ್ನು ಬದುಕಿಸುವುದರಲ್ಲಿ ಪದ್ಮಜಾ ಎತ್ತಿದ ಕೈ.

ಇಂಥವರೂ ಎಡವಿದ್ದಾರೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಸುಲೈಮಾನರ ಟ್ರಾನ್ಸ್‌ಲೇಟರ್ ಕೂರಿಸಿದ್ದು ಮೂರು ವಾರದ ಹಿಂದೆ. ಸಿಂಗಪುರದಿಂದ ಹೋಗುವ ಮೊದಲ ಫೆರ್ರಿ ದ್ವೀಪ ಮುಟ್ಟುವಷ್ಟರಲ್ಲಿ ಅಲ್ಲಿ ಬಿಸಿಲು ಏರಿರುತ್ತದೆ. ಸಂಜೆಯ ಫೆರ್ರಿಗೆ ವಾಪಸ್ ಬರಬೇಕೆಂಬುದು ಕಂಪನಿಯ ನಿಯಮ. ಪದ್ಮಜಾ ಹನ್ನೊಂದು ಗಂಟೆಗೆ ಪರೀಕ್ಷೆ ಮಾಡಿದರು. ದನಿ ಕನ್ನಡಿಯ ಹಾಗೆ ಸ್ವಚ್ಛ. ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಬಂದರು.

ಆದರೆ ಎ.ಎಂ. ಅಲೆಗಳ ಸ್ವಭಾವವೇ ಬೇರೆ. ಹಗಲಲ್ಲಿ ಹತ್ತಿರದ ಸ್ಟೇಷನ್ ಮಾತ್ರ ಕೇಳಿಸುತ್ತದೆ. ಸೂರ್ಯನಿಲ್ಲದ ಹೊತ್ತಿನಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಸ್ಟೇಷನ್ನೂ ಆಕಾಶದಿಂದ ಪುಟಿದು ಬರುತ್ತದೆ. ಗುಡ್ಡದ ಪೆಟ್ಟಿಗೆಗೆ ನಮ್ಮವರು, ಪರರು ಎಂಬ ಭೇದವೆಲ್ಲಿ ತಿಳಿಯಬೇಕು? ದ್ವೀಪದ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿ ಮುಂಜಾನೆ ಐದೂವರೆಗೆ, ಅಂದರೆ ದೋಣಿ ಇಳಿಸುವ ಮುನ್ನ ಹಳ್ಳಿಯವರು ಗಾಳಿ ಸುದ್ದಿ ಕೇಳುವ ಹೊತ್ತಿಗೇ, ಅದು ಪರದೇಶದ ಸ್ಟೇಷನ್ನನ್ನು ಭಕ್ತಿಯಿಂದ ಊರಿಗೆಲ್ಲ ಬಡಿಸುತ್ತಿತ್ತು! ಸುಲೈಮಾನರ ಸ್ಟುಡಿಯೊ ಇರುವುದು ಹದಿನೈದು ಕಿಲೋಮೀಟರ್ ಆಚೆ. ಅಲ್ಲಿ ಅವರಿಗೆ ತಮ್ಮ ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು.

"ಹಳ್ಳಿಯವರಾದ್ರೂ ಹೇಳ್ಬಾರ್ದಾ? ಹೊಸ ಮೆಷಿನ್ ಬಂದಿದೆ, ಅಜ್ಜ ಹೊಸ ಪ್ರೋಗ್ರಾಂ ಹಾಕಿದಾರೆ, ಬೇಜಾರ್ ಮಾಡ್ಬಾರ್ದು ಅಂತ ಸುಮ್ನಿದ್ರಂತೆ," ಎಂದು ಪದ್ಮಜಾ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ಅವರ ದನಿ ತಗ್ಗುತ್ತದೆ. "ಒಂದು ದಿನ ಬಿರುಗಾಳಿ ವಾರ್ನಿಂಗ್ ಇತ್ತು. ಯಾರಿಗೂ ಕೇಳಿಸ್ಲಿಲ್ಲ. ಎರಡು ದೋಣಿ ಹೊರಟುಬಿಟ್ಟಿದ್ವು. ದೇವರ ದಯೆ, ವಾಪಸ್ ಬಂದ್ರು. ಅವತ್ತಿಂದ ನನಗೆ ಅನ್ನ ಇಳೀತಿಲ್ಲ. ಸೈನ್ ಹಾಕಿದ ಕೈ ಇದು."

ದೋಣಿಗಳ ಸಂಗತಿ ಹೊರಬಿದ್ದು ಅಲ್ಲಿನ ರೇಡಿಯೊ ಇಲಾಖೆಗೆ ದೂರು ಹೋಗಿದೆ. ಗುರುವಾರ ಮುಂಜಾನೆ ಐದೂವರೆಗೆ ಅಧಿಕಾರಿಯೇ ಹಳ್ಳಿಯ ದೋಣಿಗಳು ನಿಲ್ಲುವ ದಕ್ಕೆಗೆ ಬಂದು ಕೇಳಲಿದ್ದಾರೆ. ಪರದೇಶದ ದನಿ ಬಂದರೆ ಪೆಟ್ಟಿಗೆಗೆ ಮೊಹರು. ಪೆಟ್ಟಿಗೆ ಇಲ್ಲದಿದ್ದರೆ ಓಂಬಾಕ್‌ಗೆ ಕೇಳುಗರಿಲ್ಲ.

ಕಂಪನಿಯ ಯಜಮಾನ ಲಿಮ್ ಕೆಟ್ಟವರೇನಲ್ಲ. "ಪದ್ಮಾ, ಮುಂದಿನ ವಾರ ಹೊಸ ರಿಸೀವರ್ ಕಳಿಸೋಣ," ಎನ್ನುತ್ತಾರೆ. ಮುಂದಿನ ವಾರಕ್ಕೆ ಪೆಟ್ಟಿಗೆಯೇ ಇರುವುದಿಲ್ಲ ಎಂದು ಪದ್ಮಜಾ ಎರಡು ದಿನ ಸ್ವಂತ ರಜೆ ಬರೆದುಕೊಡುತ್ತಾರೆ. ಕೆಳಗಿನ ಮಹಡಿಯ ಬಡಗಿಯಿಂದ ಎರಡಡಿ ಅಗಲದ ಮರದ ಚೌಕಟ್ಟು ತಂದು, ಅದಕ್ಕೆ ತಾಮ್ರದ ತಂತಿ ಸುತ್ತಲು ಕೂರುತ್ತಾರೆ. ರೇಡಿಯೊ ತಿರುಗಿಸಿದರೆ ಒಂದು ದನಿ ಇಳಿದು ಇನ್ನೊಂದು ಏರಿತಲ್ಲ, ಅದೇ ಉಪಾಯ. ಗುಡ್ಡದಿಂದ ನೋಡಿದರೆ ಸುಲೈಮಾನರ ಸ್ಟೇಷನ್ ಪಶ್ಚಿಮಕ್ಕೆ, ಪರದೇಶದ್ದು ಉತ್ತರಕ್ಕೆ. ಈ ಚೌಕಟ್ಟಿನ ಆಂಟೆನಾವನ್ನು ಸರಿಯಾದ ಕೋನಕ್ಕೆ ತಿರುಗಿಸಿ ಬಿಗಿದರೆ ಉತ್ತರದ ದನಿಗೆ ಬಾಗಿಲು ಹಾಕಿದ ಹಾಗೆ. ಆದರೆ ಆ ಕೋನ ಸಿಗುವುದು ಮುಂಜಾನೆಯ ಕತ್ತಲಲ್ಲಿ, ಆ ಗುಡ್ಡದ ಮೇಲೆ ಮಾತ್ರ.

"ಊಟಕ್ಕೆ ಏನು ಮಾಡ್ತೀಯೇ ಅಲ್ಲಿ?" ಎಂದು ಅನಂತರಾಮ್ ಕೇಳುತ್ತಾರೆ.

"ಚಪಾತಿ ಕಟ್ಕೊಂಡಿದೀನಿ. ನಿಮಗೆ ಫ್ರಿಜ್‌ನಲ್ಲಿ ಹುಳಿ ಇದೆ, ಬಿಸಿ ಮಾಡ್ಕೊಳಿ."

ಮಗಳು ಶ್ರೀಯಾ ಚೌಕಟ್ಟನ್ನು ನೋಡಿ, ಮಾತಿನ ಕೊನೆಗೆ ಸಿಂಗಪುರದವರ 'ಲಾ' ಸೇರಿಸಿ ಬೆರಗಾಗುತ್ತಾಳೆ. "ಅಮ್ಮಾ, ಇಮಿಗ್ರೇಷನ್‌ನಲ್ಲಿ ಏನಂತ ಹೇಳ್ತೀಯಾ ಲಾ?"

"ಕಿವಿ ಅಂತೀನಿ," ಎಂದು ಪದ್ಮಜಾ ಅದನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತುತ್ತಾರೆ.

ಗುರುವಾರ, ದ್ವೀಪದ ಗಡಿಯಾರದಲ್ಲಿ ಮುಂಜಾನೆ ನಾಲ್ಕೂ ಮುಕ್ಕಾಲು. ಗುಡ್ಡದ ಮೇಲೆ ಪದ್ಮಜಾ ಪೆಟ್ಟಿಗೆಯ ಬಾಗಿಲು ತೆರೆದು, ಚೌಕಟ್ಟಿನ ತಂತಿ ಜೋಡಿಸುತ್ತಾರೆ. ಕೆಳಗೆ ದಕ್ಕೆಯಲ್ಲಿ ಮೀನುಗಾರರು ಮೊಬೈಲ್ ಹಿಡಿದು ನಿಂತಿದ್ದಾರೆ. ಇದಕ್ಕಾಗಿಯೇ ಇವತ್ತು ಬೇಗ ಮಾತು ಶುರುಮಾಡಿದ ಅಜ್ಜನ ದನಿ ಸ್ವಚ್ಛವಾಗಿ ಬಂದಾಗ ಟಾರ್ಚ್ ಬೀಸಬೇಕೆಂದು ಅವರಿಗೆ ಹೇಳಲಾಗಿದೆ. ಗುಡ್ಡದ ಮೇಲೆ ತಾವೇ ಕೇಳಿ ಸರಿಯಿದೆ ಎನ್ನುವ ಧೈರ್ಯ ಪದ್ಮಜಾ ಅವರಿಗೆ ಈಗಿಲ್ಲ. "ನನ್ನ ಕಿವಿ ಸಾಕು ಅಂತ ಒಂದ್ಸಲ ನಂಬಿ ಆಯ್ತಲ್ಲ. ಕೇಳೋರು ಅವರು, ಅವರೇ ಹೇಳ್ಲಿ."

ಚೌಕಟ್ಟು ಬೆರಳಗಲ ತಿರುಗುತ್ತದೆ. ಟಾರ್ಚ್ ಇಲ್ಲ. ಇನ್ನೊಂದು ಬೆರಳು. ಇಲ್ಲ. ಐದೂ ಕಾಲು ಆಗುತ್ತದೆ. ದಕ್ಕೆಯ ಬಳಿ ಜೀಪೊಂದು ಬಂದು ನಿಲ್ಲುತ್ತದೆ, ಅಧಿಕಾರಿ ಬಂದಾಯಿತು. ಪದ್ಮಜಾ ಅವರ ಕೈಯಿಂದ ಸ್ಕ್ರೂ ಡ್ರೈವರ್ ಜಾರಿ ಹುಲ್ಲಿಗೆ ಬೀಳುತ್ತದೆ. ಹುಡುಕುತ್ತ ಕೂರುವ ಹೊತ್ತೇ ಇದು! ಉಗುರಿನಲ್ಲೇ ಸ್ಕ್ರೂ ಸಡಿಲಿಸಿ ಚೌಕಟ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಾರೆ.

ಕೆಳಗೆ ಒಂದು ಟಾರ್ಚ್ ಬೀಸುತ್ತದೆ. ಇನ್ನೊಂದು. ಆಮೇಲೆ ದಕ್ಕೆಯುದ್ದಕ್ಕೂ ಟಾರ್ಚೋ ಟಾರ್ಚು. ಪದ್ಮಜಾ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಳ್ಳುತ್ತಾರೆ, ಬಿಟ್ಟರೆ ಎಲ್ಲಿ ಅಲುಗಿಬಿಡುತ್ತದೋ ಎಂಬ ಭಯ. ಟಾರ್ಚ್ ಹಿಡಿದು ಮೇಲೇರಿ ಬಂದ ಇಬ್ಬರು ಮೀನುಗಾರರು ಬೋಲ್ಟ್ ಬಿಗಿದುಕೊಟ್ಟ ಮೇಲೆಯೇ ಕೈ ತೆಗೆಯುತ್ತಾರೆ.

ಐದೂವರೆ. ಅಧಿಕಾರಿ ತನ್ನದೇ ಮೊಬೈಲ್‌ನಲ್ಲಿ ಗಾಳಿ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾರೆ. ಪರದೇಶದ ಗಂಟಲು ಎಲ್ಲೋ ಇರುವೆ ಹರಿದಷ್ಟು, ಅಷ್ಟೇ. ಕಾಗದದ ಮೇಲೆ ಸಹಿ ಬೀಳುತ್ತದೆ. ಓಂಬಾಕ್ ಉಳಿಯುತ್ತದೆ. ವರದಿಯಲ್ಲಿ ಕಂಪನಿಯ ಹೆಸರಿದೆ, ಪೆಟ್ಟಿಗೆಯ ನಂಬರ್ ಇದೆ. ಪದ್ಮಜಾ ಅವರ ಹೆಸರಿಗೆ ಅದರಲ್ಲಿ ಕಾಲಂ ಇಲ್ಲ.

ಪದ್ಮಜಾ ಗುಡ್ಡವಿಳಿದು ದಕ್ಕೆಗೆ ಬರುವಷ್ಟರಲ್ಲಿ ಸುಲೈಮಾನರು ಸ್ಟುಡಿಯೊದಿಂದ ಫೋನ್ ಮಾಡುತ್ತಾರೆ. "ಇಬು," ಎನ್ನುತ್ತಾರೆ, ಅಮ್ಮ ಎಂದು ಕರೆದ ಹಾಗೆ. "ಮೈಕ್ ಆನ್ ಇದೆ. ನಿಮ್ಮ ಪೂರ್ತಿ ಹೆಸರು ಹೇಳಿ. ಇಡೀ ದ್ವೀಪಕ್ಕೆ ಕೇಳಿಸ್ತೀನಿ."

ಪದ್ಮಜಾ ಕಣ್ಣೊರೆಸಿಕೊಳ್ಳುತ್ತಾರೆ. ಸುತ್ತ ದೋಣಿಗಳು ಒಂದೊಂದಾಗಿ ಎಂಜಿನ್ ಚಾಲೂ ಮಾಡುತ್ತಿವೆ, ಆ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ತಮಗೆ ಬರುವ ಹರಕುಮುರುಕು ಮಲಯ್‌ನಲ್ಲಿ ಅವರು ಕೂಗಿ ಹೇಳುತ್ತಾರೆ:

"ನನ್ನ ಹೆಸರು ಬೇಡ ಪಾಕ್. ಆ ಒಂದು ನಿಮಿಷದಲ್ಲಿ ಗಾಳಿ ಸುದ್ದೀನೇ ಇನ್ನೊಂದ್ಸಲ ಓದಿ. ಎಂಜಿನ್ ಸದ್ದಲ್ಲಿ ಯಾರಿಗಾದ್ರೂ ಕೇಳಿಸದೇ ಹೋಗಿರಬಹುದು."