ನರಸಮ್ಮ ಕಡಲು ನೋಡಲು ಹೋದದ್ದು

ಅಲ್ಲ ಕಂದ, ಆ ಚೊಂಬನ್ನು ಒದ್ದೆಯಾಗಿ ಇಡಬೇಡ ಎಂದು ಎಷ್ಟು ಸಲ ಹೇಳುವುದು? ಅದು ಹಾಲಿಗೆ ಹೋಗುವ ಚೊಂಬು. ಬೋರಲು ಹಾಕಿ ಇಲ್ಲಿ ಬಂದು ಕೂತುಕೋ. ಹಾಲಿನವರ ಮೇಲೆ ಅನುಮಾನ ಪಡುವ ಜನ ಊರೆಲ್ಲ ಇದ್ದಾರೆ. ಹಾಲು ಕೊಳ್ಳುವವರ ಮೇಲೇ ಅನುಮಾನ ಪಡುವ ಹಾಲಿನವಳು ಮಾತ್ರ ಈ ವಿಜಯನಗರಕ್ಕೆಲ್ಲ ಒಬ್ಬಳೇ, ನಮ್ಮ ಮಾರೇನಹಳ್ಳಿ ನರಸಮ್ಮ. ಚೊಂಬನ್ನು ನಮ್ಮ ಕೈಯಿಂದ ತೆಗೆದುಕೊಂಡು, ತಲೆಕೆಳಗು ಮಾಡಿ ತಟ್ಟುತ್ತಾಳೆ. ಒಂದು ಹನಿ ನೀರು ಬಿದ್ದರೂ ಮುಗಿಯಿತು.

"ಓಹೋ, ನೀರು ನೀವೇ ತಂದು, ನಾಳೆ ನರಸಮ್ಮ ಬೆರೆಸಿದ್ಲು ಅಂತ ಬೀದಿಲೆಲ್ಲಾ ಹೇಳಕ್ಕಾ?"

ಅಂಥವಳು ಕಡಲು ನೋಡಿ ಬಂದಳು ಎಂದರೆ ನೀನು ನಂಬುತ್ತೀಯಾ? ಹೋಗಿದ್ದಳು, ಮೂಲೆಮನೆಗೆ ಟಿ.ವಿ. ಬಂತಲ್ಲ, ಅದೇ ವರ್ಷದ ಬೇಸಿಗೆಯಲ್ಲಿ.

ಮಾರೇನಹಳ್ಳಿ ನಿಜವಾಗಿ ಹಳ್ಳಿಯಾಗಿದ್ದಾಗ ಅವಳು ಸೊಸೆಯಾಗಿ ಬಂದವಳು. ರಾಗಿ ಹೊಲಗಳೆಲ್ಲ ಮೇನ್ ರೋಡು, ಕ್ರಾಸು ಆದವು. ಗಂಡ ಮುನಿರಾಮಯ್ಯ ತೀರಿಕೊಂಡ. ಹಳೆಯ ಕಾಲದ್ದು ಎಂದು ಅವಳ ಪಾಲಿಗೆ ಉಳಿದದ್ದು ಹಿತ್ತಲಿನ ಕೊಟ್ಟಿಗೆ, ಅದರಲ್ಲಿ ಕೆಂಚಿ ಎಂಬ ಒಂದು ಎಮ್ಮೆ. ಚಂದ್ರಾ ಲೇಔಟಿನಲ್ಲಿ ಆಗ ಮನೆಗಿಂತ ಖಾಲಿ ಸೈಟೇ ಹೆಚ್ಚು. ಮಧ್ಯಾಹ್ನವಾದರೆ ಕೆಂಚಿಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗುವಳು, ಸಂಜೆ ಹಾಲು ಕರೆಯುವ ಹೊತ್ತಿಗೆ ತಿರುಗಿ ಬರುವಳು. ಅರವತ್ತು ದಾಟಿದ್ದರೂ, ಎಮ್ಮೆ ಕೊಳ್ಳಲು ಕೆಂಗೇರಿಗೆ ಹೋದದ್ದು ಬಿಟ್ಟರೆ ಅದಕ್ಕಿಂತ ದೂರದ ಊರು ಕಂಡವಳಲ್ಲ.

ಮಗ ನಾಗರಾಜು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಒಳ್ಳೆಯವನೇ. ಆದರೆ ಕೊಟ್ಟಿಗೆಯ ವಿಷಯಕ್ಕೆ ತಾಯಿ ಮಗನಿಗೆ ಆಗುತ್ತಿರಲಿಲ್ಲ. ಪಕ್ಕದ ಮಹಡಿಯವರು ಸಗಣಿ ವಾಸನೆ, ಸೊಳ್ಳೆ ಎಂದು ದಿನಾ ತಕರಾರು ಮಾಡುವರು. ನೆಲಕ್ಕೆ ಸಿಮೆಂಟ್ ಹಾಕಿಸೋಣ ಎಂದು ಇವನು ಹೇಳಿದರೆ, ಗೊರಸು ಜಾರುತ್ತದೆ, ನಾನು ಬದುಕಿರುವವರೆಗೆ ಮಣ್ಣೇ ಇರಲಿ ಎಂದು ಅವಳು. ಪಾಕೀಟು ಹಾಲು ಬಂದಿದೆ, ಇನ್ನು ಎಮ್ಮೆ ಯಾಕೆ ಎಂದು ಒಂದು ದಿನ ಅವನ ಬಾಯಿಂದ ಜಾರಿಬಿಟ್ಟಿತು. ಅವತ್ತಿನಿಂದ ನರಸಮ್ಮನ ಒಂದು ಕಿವಿ ಸದಾ ಕೊಟ್ಟಿಗೆಯ ಕಡೆಗೇ.

ಹೀಗಿರುವಾಗ ಒಂದು ಮಧ್ಯಾಹ್ನ ಹುಲ್ಲಿನ ಹೊರೆ ಹೊತ್ತು ಬಂದಳು. ನೋಡಿದರೆ ಕೆಂಗೇರಿಯ ದನದ ದಲ್ಲಾಳಿ ಬೈರಯ್ಯ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾನೆ. ಅದೂ ನೆಂಟರಿಗೆಂದು ಎತ್ತಿಟ್ಟ ಲೋಟದಲ್ಲಿ. ಪಕ್ಕದಲ್ಲಿ ಮಗ, ಸೊಸೆ ವಿಮಲಮ್ಮ. ಇವಳನ್ನು ಕಂಡಕೂಡಲೇ ಮೂವರ ಮಾತೂ ನಿಂತಿತು.

"ಏನಕ್ಕಾ, ಚೆನ್ನಾಗಿದೀರಾ?" ಎಂದ ಬೈರಯ್ಯ.

"ನಾನು ಚೆನ್ನಾಗಿದೀನಿ. ನೀನು ಯಾರ ಹಲ್ಲು ನೋಡಿ ಬೆಲೆ ಕಟ್ಟಕ್ಕೆ ಬಂದೆ?"

ಅವನು ನಕ್ಕು ಲೋಟ ಇಟ್ಟು ಹೊರಟೇ ಹೋದ. ಅದೇ ವಾರ ನಾಗರಾಜು ಬಂದು ತಾಯಿಯ ಪಕ್ಕ ಕೂತ.

"ಅವ್ವ, ಯಾತ್ರೆ ಕರ್ಕೊಂಡು ಹೋಗೋ ಲಕ್ಷ್ಮೀಪತಿ ಈ ಸಲಾನೂ ಬಸ್ ಮಾಡ್ಸವ್ನೆ. ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಸಮುದ್ರನೂ ತೋರಿಸ್ತಾನಂತೆ. ಒಂದ್ಸಲ ಹೋಗ್ ಬಾ."

"ನಾನು ಸಮುದ್ರ ಕೇಳಿದ್ನೇನೋ?"

"ಕೇಳಿಲ್ಲ. ಈ ಕೊಟ್ಟಿಗೆ ಬಿಟ್ಟು ಎಲ್ಲೂ ಹೋಗಿಲ್ವಲ್ಲ ನೀನು, ಅದಕ್ಕೆ ಹೇಳ್ದೆ."

ಆ ಮಾತು ಕೇಳಿ ಅವಳಿಗೆ ಎಲ್ಲ ತಿಳಿದುಹೋಯಿತು. ತನ್ನನ್ನು ಕೊಟ್ಟಿಗೆಯಿಂದ ದೂರ ಕಳಿಸಬೇಕು, ಅಷ್ಟರಲ್ಲಿ ಕೆಂಚಿ ಬೈರಯ್ಯನ ಹಗ್ಗಕ್ಕೆ ಬೀಳಬೇಕು. ಹೋಗುವುದಿಲ್ಲ ಎಂದೇ ಇದ್ದಳು. ಆದರೆ ಎದುರುಮನೆಯ ಅಂಜಮ್ಮ ಬಂದು ಕಣ್ಣಲ್ಲಿ ನೀರು ಹಾಕಿದಳು. "ನೀನು ಬಂದ್ರೇನೆ ನನ್ನ ಕಳಿಸ್ತಾರಂತೆ ಕಣೇ. ಸಾಯೋದ್ರೊಳಗೆ ಸಮುದ್ರ ನೋಡ್ಬೇಕು ಅಂತ ಆಸೆ. ನಿನ್ನ ಎಮ್ಮೆ ಮೇಲಾಣೆ, ಬಾರೇ." ಎಮ್ಮೆ ಮೇಲೆ ಆಣೆ ಇಟ್ಟ ಮೇಲೆ ಹೋಗದೆ ಇರುವುದು ಹೇಗೆ?

ಬಸ್ಸು ಹತ್ತುವ ಮುಂಚೆ ಸೊಸೆಗೆ ಹೇಳಿದಳು. "ನೋಡು ವಿಮಲ, ನಾನು ಬರೋವರ್ಗು ಕರುಗೆ ಎರಡು ಮೊಲೆ ಹಾಲು ಬಿಡಬೇಕು. ಕೆಂಚಿ ಇದ್ದಲ್ಲೇ ಇರ್ಬೇಕು."

"ನಾನು ನೋಡ್ಕೋತೀನಿ ಅತ್ತೆ, ನೀವು ಆರಾಮಾಗಿ ಹೋಗ್ ಬನ್ನಿ," ಎಂದು ವಿಮಲಮ್ಮ ನಕ್ಕಳು. ಆ ನಗು ನರಸಮ್ಮನ ಜೊತೆ ಬಸ್ಸಿನಲ್ಲಿ ಘಟ್ಟದ ಕೆಳಗಿನವರೆಗೂ ಬಂತು.

ಮರವಂತೆಯಲ್ಲಿ ಬಸ್ಸು ನಿಂತಿತು. ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಎಲ್ಲರೂ ಆಹಾ ಎನ್ನುತ್ತಿದ್ದರೆ ಅವಳು ಕಿಟಕಿಯ ಸರಳು ಹಿಡಿದು, "ಇಷ್ಟು ನೀರು ಆ ಕಡೆ, ಅಷ್ಟು ನೀರು ಈ ಕಡೆ. ನಡುವೆ ಇಷ್ಟಗಲ ರೋಡು. ಇದನ್ನ ಯಾರು ಕಾಯ್ತಾರೆ?" ಎಂದಳು.

"ದೇವ್ರು ಕಾಯ್ತಾನೆ, ಇಳೀರಿ," ಎಂದ ಲಕ್ಷ್ಮೀಪತಿ.

"ನಾನು ಇಲ್ಲೇ ಇರ್ತೀನಿ. ದೇವ್ರು, ನಾನು, ಇಬ್ರಲ್ಲಿ ಒಬ್ರಾದ್ರೂ ಎಚ್ಚರವಾಗಿರ್ಬೇಕು."

ಅಲ್ಲಿಂದ ಮುಂದೆ ಒಂದು ಸಣ್ಣ ಊರಿನ ಶಾಲೆಯಲ್ಲಿ ತಂಗಿದರು. ಗಾಳಿಮರದ ತೋಪು ದಾಟಿದರೆ ಕಡಲು. ಲಕ್ಷ್ಮೀಪತಿ ತಾನೇ ಗುಡಿಸಿಟ್ಟವನಂತೆ ಎದೆ ಉಬ್ಬಿಸಿ ಹೇಳಿದ, "ಮದ್ರಾಸ್ ಬೀಚ್ ತರ ಅಲ್ಲಮ್ಮ. ಒಂದು ಕಡಲೆಕಾಯಿ ಸಿಪ್ಪೆ ತೋರ್ಸಿ ನೋಡಣ."

ನಿಜಕ್ಕೂ ಕಸವಿರಲಿಲ್ಲ. ಮರಳು ಸೋಸಿದ ರವೆಯ ಹಾಗಿತ್ತು. ಅಂಜಮ್ಮ ಮಗುವಿನ ಹಾಗೆ ಸೀರೆ ಎತ್ತಿಕಟ್ಟಿ ನೀರಿಗೆ ಓಡಿದಳು. ನರಸಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಇಷ್ಟು ಚೊಕ್ಕಟ ಜಾಗಕ್ಕೆ ಜನ ಯಾಕೆ ಬರುವುದಿಲ್ಲ? ಜನ ಬರದ ಕಡೆ ಏನೋ ಇರಬೇಕು. ಬರುವಾಗ ಅವಳು ಇನ್ನೊಂದನ್ನೂ ನೋಡಿದ್ದಳು. ಆ ಊರಿನ ಅಂಗಳಗಳು ಗುಡಿಸಿ ಸಾರಿಸಿದ್ದವು, ಒಂದರ ಮುಂದೂ ರಂಗೋಲಿ ಇರಲಿಲ್ಲ. ನಮ್ಮ ಕಡೆ ಗುಡಿಸಿ ರಂಗೋಲಿ ಬಿಡದಿದ್ದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅಲ್ಲವೇ? ಊರಿಗೆ ಊರೇ ಸೂತಕವೇ? ಅವತ್ತು ಅಲ್ಲಿಯ ಎಳನೀರನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಎಲ್ಲರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಡಲಿಗೆ ಹೊರಟರು. ನೀರು ದೂರ ಹಿಂದಕ್ಕೆ ಸರಿದಿತ್ತು. ಮುಂದೆ ನಡೆಯುತ್ತಿದ್ದ ನರಸಮ್ಮ ಗಕ್ಕನೆ ನಿಂತು ಎರಡೂ ಕೈ ಚಾಚಿದಳು.

"ಯಾರೂ ದಾಟ್ಬೇಡಿ!"

ಹಸಿ ಮರಳಿನ ಮೇಲೆ ಕಣ್ಣು ಹಾಯುವವರೆಗೆ ರಂಗೋಲಿ. ನಡುವೆ ಒಂದು ತೂತು, ಸುತ್ತಲೂ ಮೆಣಸಿನ ಕಾಳಿನಂಥ ಮರಳಿನ ಉಂಡೆಗಳು, ಸೂರ್ಯನ ಕಿರಣದ ಹಾಗೆ ಸಾಲುಸಾಲು. ಅದರ ಪಕ್ಕದಲ್ಲೊಂದು, ಅದರಾಚೆ ಮತ್ತೊಂದು. ಹಾಕಿದವರ ಹೆಜ್ಜೆ ಗುರುತು ಎಲ್ಲೂ ಇಲ್ಲ. ಅಮಾವಾಸ್ಯೆಯ ಮರುದಿನ ಮೂರು ದಾರಿ ಸೇರುವಲ್ಲಿ ನಿಂಬೆಹಣ್ಣು, ಕುಂಕುಮದ ನೀರು ಕಂಡರೆ ಕಾಲು ಹಿಂದೆಗೆಯುವ ಹೆಂಗಸು ಅವಳು. ಮನೆ ಮುಂದೆ ಹಾಕದ ಜನ ಮರಳ ಮೇಲೆ ಯಾತಕ್ಕೆ ಹಾಕುತ್ತಾರೆ?

"ಮಾಟ ಇದು. ನೋಡಿ, ತೂತು ತೋಡಿ ಒಳಗೆ ಏನೋ ಇಟ್ಟವ್ರೆ."

ಬಸ್ಸಿನವರೆಲ್ಲ ನಿಂತಲ್ಲೇ ನಿಂತರು. ಲಕ್ಷ್ಮೀಪತಿ ಹಣೆ ಚಚ್ಚಿಕೊಂಡ. "ಅಮ್ಮಾ, ಇಡೀ ಬೀಚಿಗೆ ಮಾಟ ಮಾಡ್ಸಕ್ಕೆ ಎಷ್ಟು ಲಾರಿ ನಿಂಬೆಹಣ್ಣು ಬೇಕು, ನೀವೇ ಹೇಳಿ." ಆದರೂ ಅವನೇನೂ ಮೊದಲು ಕಾಲಿಡಲಿಲ್ಲ, ಗಮನಿಸಿದೆಯಾ?

ಬಲೆ ಕೊಡವುತ್ತಿದ್ದ ಒಬ್ಬ ಹೆಂಗಸು ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕಳು. "ಎಂಥ ಮಾಟ ಅಮ್ಮ! ಅದು ಏಡಿ ಮಾಡಿದ್ದು. ಅಲ್ಲೇ ಸುಮ್ಮನೆ ಕೂತ್ಕೊಳ್ಳಿ, ಅಲ್ಲಾಡಬೇಡಿ. ಬರ್ತದೆ."

"ನಿಮ್ಮ ಮನೆ ಮುಂದೆ ಯಾಕೆ ರಂಗೋಲಿ ಇಲ್ಲ?" ಎಂದು ನರಸಮ್ಮ ಕೇಳಿಯೇಬಿಟ್ಟಳು.

"ಈ ಗಾಳಿಗೆ ಹಿಟ್ಟು ನಿಲ್ತದಾ? ಹಬ್ಬಕ್ಕೆ ಮಾತ್ರ ನಾವು ಹಾಕೂದು."

ಇವಳನ್ನೂ ಸುಲಭವಾಗಿ ನಂಬುವುದು ಬೇಡ ಎಂದುಕೊಂಡು ನರಸಮ್ಮ ಒಂದು ತೂತಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಉಳಿದವರು ಸುತ್ತುಹಾಕಿಕೊಂಡು ನೀರಿಗೆ ಹೋದರು. ಬಿಸಿಲು ಬೆನ್ನಿಗೆ ಏರಿತು. ಎದ್ದುಬಿಡೋಣ ಎನ್ನುವಷ್ಟರಲ್ಲಿ ತೂತಿನ ಅಂಚಿನಲ್ಲಿ ಎರಡು ಕಣ್ಣು ಕಾಣಿಸಿತು. ಕಿರುಬೆರಳಿನ ಉಗುರಿನಷ್ಟು ಏಡಿ. ಆ ಕಡೆ ನೋಡಿತು, ಈ ಕಡೆ ನೋಡಿತು, ಹೊರಗೆ ಬಂದಿತು. ಮರಳನ್ನು ಬಾಯಿಗೆ ತುಂಬಿ, ತನಗೆ ಬೇಕಾದದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳಿತು. ಮತ್ತೊಂದು ಉಂಡೆ. ಮತ್ತೊಂದು. ಸಾಲು ತಾನಾಗಿಯೇ ಬೆಳೆಯಿತು. ನರಸಮ್ಮ ಸೆರಗು ಸರಿಮಾಡಿಕೊಂಡಳು, ಅಷ್ಟಕ್ಕೇ ಅದು ತೂತಿನೊಳಗೆ ಮಾಯ.

ಅವಳಿಗೆ ನಗು ಬಂತು. ಮನೆ ಬಿಟ್ಟ ಮೇಲೆ ಮೊದಲ ನಗು.

"ಎಲಾ ಇದರ! ನನಗಿಂತ ಅನುಮಾನದ್ದು. ಬಾರೇ ಆಚೆಗೆ, ನಾನೇನು ಕೆಂಗೇರಿ ಬೈರಯ್ಯಾನಾ?"

ಅದು ಮತ್ತೆ ಬಂತು. ಇವಳು ಕದಲಲಿಲ್ಲ. ಲಕ್ಷ್ಮೀಪತಿ ಊಟಕ್ಕೆ ಕರೆದರೂ ಏಳಲಿಲ್ಲ. ನೀರು ಏರಿ ಬಂದು ಒಂದೇ ಅಲೆಗೆ ರಂಗೋಲಿಯನ್ನೆಲ್ಲ ಅಳಿಸಿ ಇವಳ ಸೆರಗನ್ನೂ ನೆನೆಸಿದ ಮೇಲೆ ಎದ್ದಳು. ಆಗ ಅಂಜಮ್ಮನ ಕೈ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ಕಾಲಡಿಯ ಮರಳು ಜಾರಿದಾಗೆಲ್ಲ ಸಮುದ್ರಕ್ಕೂ ಎರಡು ಮಾತು ಬೈದಳು. ಸಂಜೆ ಮಾತ್ರ ಮತ್ತೆ ಮಂಕಾದಳು. "ಅಂಜಿ, ಈ ಹೊತ್ತಿಗೆ ಕೆಂಚಿ ಎಲ್ಲಿದ್ದಾಳೋ," ಎಂದಳು.

ಬಸ್ಸು ತಿರುಗಿ ವಿಜಯನಗರಕ್ಕೆ ಬಂದಿತು. ನರಸಮ್ಮ ಗಂಟನ್ನು ಜಗುಲಿಯ ಮೇಲೆ ಎಸೆದು ನೇರ ಹಿತ್ತಲಿಗೆ ಹೋದಳು. ಕೊಟ್ಟಿಗೆ ಖಾಲಿ. ಮಣ್ಣಿನ ನೆಲವಿದ್ದ ಕಡೆ ನುಣ್ಣನೆ ಸಿಮೆಂಟು, ಅದರ ಮೇಲೆ ಒದ್ದೆ ಗೋಣಿತಾಟು. ಬಾಡಿಗೆಗೆ ರೂಮು ಮಾಡುತ್ತಿದ್ದಾರೆ! ಹಿಂದೆಯೇ ಬಂದ ವಿಮಲಮ್ಮನ ಕಡೆ ತಿರುಗಿದಳು.

"ಕೆಂಚಿ ಎಲ್ಲೇ?"

"ಬೈರಯ್ಯನ ಮನೇಲಿ ಅತ್ತೆ. ಕೇಳಿ ಇಲ್ಲಿ..."

ಬೈರಯ್ಯ ಎಂಬ ಹೆಸರಿನ ಮುಂದಿನದು ಅವಳ ಕಿವಿಗೆ ಬೀಳಲಿಲ್ಲ. ವಿಮಲಮ್ಮ ಕೂಗುತ್ತಲೇ ಇದ್ದಳು, ಇವಳು ಕೆಂಗೇರಿ ಬಸ್ಸು ಹತ್ತಿಯಾಗಿತ್ತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದಳು.

ಬೈರಯ್ಯನ ಅಂಗಳದ ಬೇಲಿಯ ಹತ್ತಿರ ಬಂದಾಗ ಒಳಗೆ ಕೆಂಚಿಯ ಬೆನ್ನು, ಮೂಲೆಯ ಗೂಟದಲ್ಲಿ ಕರು ಕಂಡವು. ಬಾಯಿ ತೆರೆದವಳು ಯಾಕೋ ಮುಚ್ಚಿದಳು. ಕೂಗಿದರೆ ಬೈರಯ್ಯನೂ ತೂತಿಗೆ ಹೊಕ್ಕುಬಿಡುತ್ತಾನೆ. ಬೇಲಿ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು, ಕಡಲ ತೀರದಲ್ಲಿ ಕೂತ ಹಾಗೆಯೇ, ಕದಲದೆ.

ಬೈರಯ್ಯ ಹಾಲು ಕರೆಯಲು ಕೂತಿದ್ದ. ಕೆಂಚಿ ಒಂದು ತೊಟ್ಟೂ ಬಿಡುತ್ತಿಲ್ಲ. ಬಾಲದಿಂದ ಅವನ ಮುಖಕ್ಕೆ ಹೊಡೆಯಿತು.

"ನನ್ ತಾಯಿ, ದಮ್ಮಯ್ಯ," ಎನ್ನುತ್ತಿದ್ದ ಅವನು. "ನಿನ್ನ ನೆಲ ಆರೋವರ್ಗು ಇಟ್ಕೋ ಅಂತ ನಾಗರಾಜು ಕಾಲು ಹಿಡ್ದ, ಒಪ್ಕೊಂಡೆ. ನಾನೇನು ನಿನ್ನ ಕೊಂಡ್ಕೊಂಡಿದೀನಾ? ನಿಮ್ಮಮ್ಮ ಸಮುದ್ರದಿಂದ ಬಂದು ಕೆಚ್ಚಲು ಊದಿರೋದು ನೋಡಿದ್ರೆ ನನ್ನ ಚರ್ಮ ಸುಲೀತಾಳೆ. ಒಂದು ಚೊಂಬು ಬಿಡೇ."

ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ನರಸಮ್ಮ ಬೇಲಿಯ ಮರೆಯಲ್ಲೇ ಬಿಟ್ಟಳು. ಎದ್ದು ಒಳಗೆ ಹೋದಳು.

"ಏಳೋ ಪಕ್ಕಕ್ಕೆ."

ಬೈರಯ್ಯ ಬೆಚ್ಚಿಬಿದ್ದ. "ಅಕ್ಕಾ! ಎಷ್ಟು ಹೊತ್ತಿಂದ ಅಲ್ಲಿದ್ರಿ?"

"ಏಡಿ ನೋಡ್ತಾ ಕೂತಿದ್ದೆ," ಎಂದು ಅವನ ಚೊಂಬನ್ನು ಕಿತ್ತುಕೊಂಡು, ಬೋರಲು ಹಾಕಿ ತಟ್ಟಿ ನೋಡಿಯೇ ಕೂತಳು. ಕೆಂಚಿ ಕತ್ತು ತಿರುಗಿಸಿ ಅವಳ ಸೆರಗನ್ನು ನೆಕ್ಕತೊಡಗಿತು. ಕಡಲಲ್ಲಿ ನೆಂದ ಅದೇ ಸೀರೆ, ಉಪ್ಪು ಇನ್ನೂ ಅದರಲ್ಲಿತ್ತು. ನೆಕ್ಕುತ್ತ ನೆಕ್ಕುತ್ತ ಹಾಲು ಬಿಟ್ಟಿತು.

ನೆಲ ಆರಿದ ಮೇಲೆ ಎಮ್ಮೆ, ಕರು ಮನೆಗೆ ಬಂದವು. ಮಗನ ಮೇಲೆ ಅವಳು ಕೂಗಾಡಲಿಲ್ಲ. ಗೊರಸು ಜಾರದ ಹಾಗೆ ಉಳಿಯಿಂದ ಸಿಮೆಂಟಿಗೆ ಗೀರು ಹಾಕಿಸಿದಳು, ಅಷ್ಟೇ. "ಮೊದ್ಲೇ ಹೇಳಿದ್ರೆ ನೀನು ಬಿಡ್ತಿದ್ಯಾ ಅವ್ವ?" ಎಂದು ಅವನು ಕೇಳಿದಾಗ ಕೆಂಚಿಗೆ ಹುಲ್ಲು ಹಾಕಲು ಎದ್ದು ಹೋದಳು. ಆದರೆ ಸೊಸೆಯನ್ನು ಇವತ್ತಿಗೂ ಬಿಟ್ಟಿಲ್ಲ. "ಎಲ್ಲಾ ಸರಿ ಕಣೇ, ಆ ದಲ್ಲಾಳಿಗೆ ನೆಂಟರ ಲೋಟದಲ್ಲಿ ಯಾಕೆ ಕಾಫಿ ಕೊಟ್ಟೆ?"

ಸರಿ, ಏಳು ಈಗ. ಹಾಲಿನ ಹೊತ್ತಾಯಿತು. ಚೊಂಬನ್ನು ಇನ್ನೊಂದು ಸಲ ಒಣಬಟ್ಟೆಯಲ್ಲಿ ಒರೆಸಿಕೊಂಡು ಹೋಗು. ಹಾಲು ಹಾಕಿಸಿಕೊಳ್ಳುವಾಗ, ಲಕ್ಷ್ಮೀಪತಿಯ ಬಸ್ಸು ಮತ್ತೆ ಕಡಲ ಕಡೆ ಹೊರಡುತ್ತಿದೆ, ಏಡಿ ನೋಡಲು ಬರುತ್ತಾಳೋ ಎಂದು ಮೆಲ್ಲಗೆ ಕೇಳಿಕೊಂಡು ಬಾ. ನಾಗರಾಜು ಹತ್ತಿರ ಇದ್ದರೆ ಮಾತ್ರ ಬಾಯಿ ಬಿಡಬೇಡ. ಹೋಗ್ ಬಾರವ್ವ ಎಂದು ಅವನು ಅಂದುಬಿಟ್ಟರೆ ಅವಳು ಈ ಜನ್ಮದಲ್ಲಿ ಹೊರಡುವುದಿಲ್ಲ.