ಕೊಳವೆಯ ಮೇಲಿನ ಹಸಿ ಗೋಣಿ

ಹೋದ ತಿಂಗಳು ಧಾರವಾಡದ ನನ್ನ ಬಾಡಿಗೆ ಮನೆಯಲ್ಲಿ ಒಂದು ಮುಂಜಾನೆ ಗುರುತಿನ ವಾಸನೆ ಬಂತು. ಹೊಗೆಯದೇ, ಆದರೆ ಬರಿಯ ಹೊಗೆಯದಲ್ಲ. ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಹಸಿಯಾಗಿ ಕೂತ ಹೊಗೆಯದು. ಹಿತ್ತಲಿಗೆ ಹೋಗಿ ನೋಡಿದೆ. ನೀರು ಕಾಯಿಸುವ ಒಲೆಯ ಕೊಳವೆಯೊಳಗೆ ಮಳೆ ಇಳಿಯಬಾರದೆಂದು ಮನೆಯ ಒಡತಿ ಅದರ ಬಾಯಿಗೆ ಗೋಣಿಚೀಲ ಹೊದಿಸಿದ್ದರು. ನಾನು ಏನೂ ಕೇಳದೆ ಅದನ್ನು ಎಳೆದು ನೆಲಕ್ಕೆ ಹಾಕಿದೆ. ಅವರು ಬೆರಗಿನಿಂದ ನೋಡಿದರು. ಆ ವಾರವೇ ನಾನು ಕಲಿಸುವ ಶಾಲೆಗೆ ರಜೆ ಹಾಕಿ ಗಜೇಂದ್ರಗಡಕ್ಕೆ ಹೊರಟೆ.

ಗಜೇಂದ್ರಗಡದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಅದರ ಆಚೆ ಇದ್ದವರನ್ನು ಓಣಿಯವರೆಲ್ಲ ಮಿಲ್ಟ್ರಿ ಕಾಕಾ ಅನ್ನುತ್ತಿದ್ದರು. ಮಹಾಯುದ್ಧದಲ್ಲಿ ಪಡೆಯ ಅಡುಗೆಯವರಾಗಿ ಇಟಲಿಯವರೆಗೆ ಹೋಗಿ ಬಂದಿದ್ದರು. ಬಂದ ಮೇಲೆ ಬಸ್ ನಿಲ್ದಾಣದ ಹತ್ತಿರ ಸ್ಟೋವು, ಕಂದೀಲು ರಿಪೇರಿ ಮಾಡುತ್ತ ಕೂತರು. ಮಕ್ಕಳಿರಲಿಲ್ಲ. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಅವರ ಹೆಂಡತಿ, ನಮಗೆಲ್ಲ ಕಾಕು, ಗದಗಿನ ಆಚೆ ಇದ್ದ ಕ್ಷಯದ ದವಾಖಾನೆ ಸೇರಿ ಏಳು ತಿಂಗಳಾಗಿತ್ತು. ನಮ್ಮ ಸೀಮೆ ಆಗಿನ್ನೂ ಮುಂಬಯಿ ಸರಕಾರದಲ್ಲಿತ್ತು.

ಕಾಕುವಿನ ಒಂದು ಶ್ವಾಸಕೋಶ ಕೆಟ್ಟಿತ್ತು. ಆಪರೇಷನ್ ಮಾಡಬೇಕು, ಆದರೆ ಈ ಮೈಯಲ್ಲಿ ಅದನ್ನು ತಾಳುವ ಶಕ್ತಿ ಇಲ್ಲ, ಮಳೆಗಾಲದೊಳಗೆ ನಾಲ್ಕು ಪೌಂಡ್ ತೂಕ ಏರಿದರೆ ಮಾಡುತ್ತೇವೆ, ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು ಡಾಕ್ಟರು. ಮನೆಗೆ ಕರೆದುಕೊಂಡು ಹೋಗುವುದು ಎಂದರೇನೆಂದು ಕಾಕಾ ನಮಗೆ ಬಿಡಿಸಿ ಹೇಳಲಿಲ್ಲ. ದವಾಖಾನೆಯ ಊಟ ಕಾಕುವಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುತ್ತಿದ್ದದ್ದು ಒಂದೇ, ಕಾಕಾ ಹೊಗೆ ಕೊಟ್ಟು ಒಣಗಿಸಿದ ಮಟನ್ನು. ಎರಡು ವಾರಕ್ಕೊಮ್ಮೆ ಭಾನುವಾರ ಮಾತ್ರ ಭೇಟಿ. ಒಯ್ದದ್ದು ಬೇಸಿಗೆಯ ಸೆಕೆಯಲ್ಲಿ ಹದಿನೈದು ದಿನ ಕೆಡದೆ ಇರಬೇಕು. ಅದಕ್ಕಾಗಿಯೇ ಆ ಪೀಪಾಯಿ.

ಅದು ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಪೀಪಾಯಿ. ಮೂರು ಸಲ ಒಳಗೆ ಬೆಂಕಿ ಹಾಕಿ ಸುಟ್ಟು, ಬೂದಿ ಹಚ್ಚಿ ತಿಕ್ಕಿ, ಡಾಂಬರಿನ ವಾಸನೆ ಪೂರ್ತಿ ಹೋದ ಮೇಲೆಯೇ ಕಾಕಾ ಅದಕ್ಕೆ ಕೈ ಹಚ್ಚಿದ್ದರು. ಬುಡದಲ್ಲಿ ಮೂರು ದಿಕ್ಕಿಗೆ ಮೂರು ಕಿಂಡಿ ಕೊರೆದು, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅವಕ್ಕೆ ಸರಿಯುವ ಮುಚ್ಚಳ ಮಾಡಿದ್ದರು. ಮೇಲಿನ ಮುಚ್ಚಳಕ್ಕೆ ಮೊಳದುದ್ದದ ತಗಡಿನ ಕೊಳವೆ. ತಳದಲ್ಲಿ ಜಾಲಿಯ ಕೆಂಡ, ಅದರ ಮೇಲೆ ಹುಣಸೆಯ ಒಣ ಚಕ್ಕೆ. ಉಪ್ಪು, ಅರಿಸಿಣ ಹಚ್ಚಿದ ಮಾಂಸದ ಪಟ್ಟಿಗಳು ಮೇಲ್ಭಾಗದಲ್ಲಿ ಸರಳುಗಳಿಗೆ ತೂಗಬೇಕು.

ನಾವು ಮಾಂಸ ತಿನ್ನುವವರಲ್ಲ. ಆದರೆ ಬೇಸಿಗೆ ರಜೆಯಲ್ಲಿ ನಾನು ಗೋಡೆಯ ಈಚೆ ಪುಸ್ತಕ ಹಿಡಿದು ಕೂತು ಅವರ ಕೆಲಸ ನೋಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದರ ಲೆಕ್ಕಾಚಾರ. ಪೀಪಾಯಿಯ ಹೊಟ್ಟೆಯಿಂದ ಬೆರಳಗಲ ದೂರ ಅಂಗೈ ಹಿಡಿದು ಅವರು ಎಣಿಸುತ್ತಿದ್ದರು. ಎಂಟರೊಳಗೆ ಕೈ ತೆಗೆಯಬೇಕಾಯಿತೆಂದರೆ ಬಿಸಿ ಹೆಚ್ಚು. ಕೆಳಗಿನ ಒಂದು ಕಿಂಡಿಯನ್ನು ಬೆರಳಷ್ಟು ಮುಚ್ಚುವುದು. ಹದಿನೈದು ದಾಟಿದರೂ ತಾಳಿತೆಂದರೆ ತೆರೆಯುವುದು. ಗಾಳಿ ಬೀಸುವ ದಿಕ್ಕಿನ ಕಿಂಡಿ ಮಾತ್ರ ಯಾವಾಗಲೂ ಅರ್ಧ.

“ಥರ್ಮಾಮೀಟರ್ ಇದ್ರ ಸಲೀಸು ಆಗತೈತ್ರಿ ಕಾಕಾ,” ಅಂದಿದ್ದೆ ಒಮ್ಮೆ.

“ನಿಮ್ಮ ಕಾಲೇಜಿನ ಗಾಜಿನ ಕಡ್ಡಿ ಈ ಹೊಗಿಗೆ ಒಂದ ದಿನಾನೂ ತಾಳೂದಿಲ್ಲ, ತಂಗಿ. ಈ ಕೈ ನೋಡು, ಹಿಟ್ಲರ್‌ಗೂ ತಾಳೇತಿ.”

ಇಟಲಿಯ ಗುಡ್ಡದ ಒಂದು ಹಳ್ಳಿಯಲ್ಲಿ ಚಳಿಗಾಲ ಕಳೆದಾಗ ರೈತನ ಮನೆಯಲ್ಲಿ ಈ ವಿದ್ಯೆ ನೋಡಿದ್ದರಂತೆ. “ಅಲ್ಲಿ ಏನ ತೂಗಹಾಕಿದ್ರು ಅಂತ ನಿಮ್ಮವ್ವನ ಮುಂದ ಹೇಳಬ್ಯಾಡ. ಗೋಡಿ ಇನ್ನೊಂದ ಮೊಳಾ ಏರಸ್ತಾಳ,” ಅನ್ನುತ್ತಿದ್ದರು. ನೇಕಾರನಾದ ಅಪ್ಪ ಮಗ್ಗದ ಕುಣಿಯಲ್ಲಿ ಕೂತೇ ಕೂಗುತ್ತಿದ್ದ: “ಸರಕಾರ ನಿನ್ನ ಯುದ್ಧಾ ಮಾಡಾಕ ಕಳಿಸಿತ್ತೋ, ಹೊಗಿ ಹಾಕೂದು ಕಲಿಯಾಕ ಕಳಿಸಿತ್ತೋ?”

ಒಂದು ಮಾತನ್ನು ಕಾಕಾ ಪ್ರತಿ ಸಲ ಹೇಳುತ್ತಿದ್ದರು. “ಬೆಂಕಿ ಹಿಡಿಯೂದು ಕೆಳಗಿಂದ. ಮ್ಯಾಲಿನ ಕೊಳವಿ ಮುಟ್ಟಬಾರದು. ಅದನ್ನ ಮುಚ್ಚಿದ್ರ ಹೊಗಿ ಒಳಗ ಕೊಳೀತೈತಿ, ಖಂಡ ಕಹಿ ಆಗತೈತಿ.” ಕೊಳವೆಯಿಂದ ತೆಳ್ಳಗೆ, ನೀಲಿಯಾಗಿ ಬಂದರೆ ಒಳ್ಳೆಯ ಹೊಗೆ. ದಪ್ಪಗೆ ಬೆಳ್ಳಗೆ ಬಂದರೆ ಗಾಳಿ ಸಾಲದು.

ಇದೆಲ್ಲ ನನಗೆ ಗೊತ್ತಿತ್ತು. ಯಾಕೆ, ಹೇಗೆ ಎಂದು ರಸಾಯನಶಾಸ್ತ್ರದ ಭಾಷೆಯಲ್ಲಿ ಬರೆದು ತೋರಿಸಬಲ್ಲಷ್ಟು ಗೊತ್ತಿತ್ತು.

ಮೇ ತಿಂಗಳ ಒಂದು ಶನಿವಾರ ಕಾಕಾ ಪಿಂಚಣಿಯ ಹಾಜರಿಗೆ ರೋಣಕ್ಕೆ ಹೋಗಲೇಬೇಕಾಯಿತು. ಮರುದಿನವೇ ದವಾಖಾನೆಯ ಭಾನುವಾರ. ನಸುಕಿನಲ್ಲೇ ಬೆಂಕಿ ಹೂಡಿ, ಎಲ್ಲ ಹದಕ್ಕೆ ತಂದು, ಗೋಡೆಯ ಹತ್ತಿರ ಬಂದರು.

“ಸಂಜಿ ಬಸ್ಸಿಗೆ ಬರ್ತೀನಿ. ಅಲ್ಲೀತನಾ ನೋಡ್ಕೋತಿ ಏನ ತಂಗಿ? ಒಳಗಿಂದು ನೀ ನೋಡೂದು ಬ್ಯಾಡ. ಹೊರಗ ಕೈ ಹಿಡಿ, ಕಿಂಡಿ ನೋಡು, ಅಷ್ಟ.”

“ಹೋಗಿ ಬರ್ರಿ ಕಾಕಾ,” ಅಂದೆ.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಅರ್ಧ ತಾಸಿಗೊಮ್ಮೆ ಗೋಡೆ ದಾಟಿ ಹೋಗಿ ಕೈ ಹಿಡಿದು, ಎಣಿಸಿ, ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಗುಡ್ಡದ ಕಡೆಯಿಂದ ಬಿಸಿಗಾಳಿ ಎದ್ದಿತು. ಕೆಂಡ ಕೆಂಪಗಾಯಿತು. ಹೊಗೆ ಗೋಡೆ ಹಾರಿ ನೇರವಾಗಿ ನಮ್ಮ ಮಗ್ಗದ ಮನೆಗೆ ನುಗ್ಗಿತು. ಮಗ್ಗದ ಮೇಲೆ ಆಗ ಒಂದು ಮದುವೆಯ ಸೀರೆಗೆ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸು ಇತ್ತು.

“ಏ, ಏನ ಮಾಡಾಕತ್ತಿ ಅಲ್ಲೆ?” ಅವ್ವ ಒಳಗಿಂದ ಕೂಗಿದಳು. “ಹೊಗಿ ಸೀದಾ ಹಾಸಿನ ಮ್ಯಾಲ ಬರಾಕತ್ತೇತಿ. ನಾಳಿ ಈ ಸೀರಿ ಉಟ್ಟ ಮದಲಗಿತ್ತಿ ಖಾನಾವಳಿ ನಾರ್ತಾಳ!”

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಬಿಸಿಗಾಳಿ ಎಂದರೆ ಒಂದೇ ಕೆಲಸ. ಒಣಗಾಳಿ ತಾಗಿದರೆ ಎಳೆ ಕಡಿಯುತ್ತದೆ. ಗಾಳಿ ಎದ್ದ ಕೂಡಲೇ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಹಸಿ ಗೋಣಿ ಇಳಿಬಿಡುತ್ತೇವೆ. ನಡೆಯಲು ಕಲಿತಾಗಿನಿಂದ ನಾನು ಮಾಡಿದ ಕೆಲಸ ಅದು. ಅಂದು ನನ್ನ ಕೈ ಅದನ್ನೇ ಮಾಡಿತು. ನೀರಿನ ಹೌದಿನಲ್ಲಿ ಗೋಣಿ ಅದ್ದಿ, ಹಿಂಡಿ, ಗೋಡೆ ದಾಟಿ ಹೋಗಿ ಪೀಪಾಯಿಯ ಮುಚ್ಚಳಕ್ಕೆ ಕೊಳವೆ ಸಮೇತ ಹೊದಿಸಿದೆ.

ಹೊಗೆ ನಿಂತಿತು. ಅವ್ವ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು ಅಂಗೈ ಹಿಡಿದೆ. ಸರಿಯಾಗಿ ಹತ್ತಕ್ಕೆ ಬಂದಿತ್ತು. ಸಂತೋಷವಾಯಿತು. ಅದನ್ನೂ ಬರೆದುಕೊಂಡೆ. ಆಮೇಲೆ ಎರಡು ಸಲ ಗೋಣಿಯನ್ನು ಮತ್ತೆ ತೋಯಿಸಿ ಹಾಕಿದೆ…

ಕಾಕಾ ಬಂದವರು ಚೀಲವನ್ನು ಕೈಯಲ್ಲಿ ಹಿಡಿದೇ ಪೀಪಾಯಿಯ ಮುಂದೆ ನಿಂತರು.

“ಗೋಣಿ ಯಾವಾಗ ಹಾಕಿದಿ?”

“ಮೂರಕ್ಕ ಹಾಕೀನ್ರಿ. ಗಾಳಿ ಎದ್ದಿತ್ತು. ಎಣಿಕಿ ಹತ್ತರ ಕೆಳಗ ಇಳದಿಲ್ಲ, ಬರದೀನಿ.”

ಅವರು ಮುಚ್ಚಳ ಎತ್ತಿದರು. ಅದರ ಒಳಮೈಯಿಂದ ಕಪ್ಪು ನೀರು ತೊಟ್ಟಿಕ್ಕಿತು. ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡು ಅಗಿದರು. ಅವರ ಮುಖ ನೋಡಿದಾಗಲೇ ನನಗೆ ನಾನು ಮಾಡಿದ್ದು ತಿಳಿಯಿತು. ಅದನ್ನು ನಾನು ತಿಂದು ನೋಡುವಂತೆಯೂ ಇರಲಿಲ್ಲ.

ಮುಚ್ಚಳ ಕೆಳಗಿಟ್ಟು, “ನೇಕಾರರ ಮಗಳು ನೀನು. ಖಂಡಕ್ಕೂ ರೇಷ್ಮಿ ಉಪಚಾರ ಮಾಡೀದಿ,” ಅಂದರು. ನಗಲು ನೋಡಿದರು. ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಬೇರೆ ಮಾಂಸ ತರಲು, ಮತ್ತೆ ಒಣಗಿಸಲು ಹೊತ್ತಿರಲಿಲ್ಲ. ಪಟ್ಟಿಗಳನ್ನು ಒಂದೊಂದಾಗಿ ಬಿಸಿ ಉಪ್ಪುನೀರಿನಲ್ಲಿ ತೊಳೆದು, ಚಾಕುವಿನಿಂದ ಕಪ್ಪು ಹೆರೆದು, ಬೆಳಿಗ್ಗೆ ಅದನ್ನೇ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋದರು.

ಮುಂದಿನ ಹದಿನೈದು ದಿನ ನಾನು ಓದಿದ್ದು ಏನೂ ನೆನಪಿಲ್ಲ. ನಂತರದ ಭೇಟಿಯಿಂದ ಬಂದ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳಿದರು: “ಎರಡ ಪೌಂಡ್ ಇಳದೈತಿ. ಇನ್ನೊಂದ ತಿಂಗಳ ನೋಡೂಣು ಅಂದಾರ ಡಾಕ್ಟ್ರು. ಅದ ಕಡೀದಂತ.” ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆಗೆ ಅವರು ನೋಡಲೂ ಇಲ್ಲ, ನೋಡದೆ ಇರಲು ಪ್ರಯತ್ನಿಸಲೂ ಇಲ್ಲ. ಎದ್ದು ಹೋಗುವಾಗ ಮಾತ್ರ, “ಶುಕ್ರವಾರ ಬೆಂಕಿ ಹಾಕ್ತೀನಿ. ಬರ್ತಿ ಅಲ್ಲ?” ಅಂದರು.

ಹೋದೆ. ಆ ದಿನವೂ ಗಾಳಿ ಎದ್ದಿತು. ಕಾಕಾ ಗಾಳಿಯ ದಿಕ್ಕಿನ ಕಿಂಡಿಯನ್ನು ಪೂರ್ತಿ ಮುಚ್ಚಿಸಿದರು, ಉಳಿದೆರಡನ್ನು ಕೂದಲೆಳೆಯಷ್ಟು ತೆರೆಸಿದರು. ಎಲ್ಲವನ್ನೂ ನನ್ನ ಕೈಯಿಂದಲೇ. ನಮ್ಮ ಮನೆಯ ಕಡೆ ಒಂದು ಹಳೆಯ ಬಿದಿರಿನ ತಟ್ಟಿ ನಿಲ್ಲಿಸಿದರು. ಹೊಗೆ ಅದಕ್ಕೆ ತಾಗಿ ಮೇಲಕ್ಕೆ ಹೋಯಿತು. ಅಷ್ಟೇ ಸುಲಭವಾಗಿತ್ತು ಅದು… ಜೂನಿನಲ್ಲಿ ನಾನು ಕಾಲೇಜಿಗೆಂದು ಧಾರವಾಡಕ್ಕೆ ಹೋದೆ. ಜುಲೈ ಕೊನೆಗೆ ಅಪ್ಪನ ಕಾರ್ಡು ಬಂತು. ತೂಕ ಏರಿತ್ತು. ಆಪರೇಷನ್ ಆಗಿತ್ತು.

ದೀಪಾವಳಿಗೆ ಹೋದಾಗ ಕಾಕು ಮನೆಗೆ ಬಂದಿದ್ದರು. ಪಕ್ಕೆಲುಬು ತೆಗೆದಿದ್ದರಿಂದ ಎಡ ಭುಜ ಇಳಿದಿತ್ತು. ನನ್ನನ್ನು ಹತ್ತಿರ ಕರೆದು ಮಾತಾಡಿಸಿದರು. ಆದರೆ ನಮ್ಮ ಮನೆಯ ಹೊಸ್ತಿಲನ್ನು ಮಾತ್ರ ಮತ್ತೆಂದೂ ತುಳಿಯಲಿಲ್ಲ. ಅವ್ವ ಅರಿಸಿಣ ಕುಂಕುಮಕ್ಕೆ ಕರೆದರೆ, ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ರೋಗ ನಮಗೆ ಹತ್ತಬಾರದೆಂದು ದೂರ ಇರುತ್ತಾರೆ, ಪಾಪ, ಎಂದು ಅವ್ವ ತಿಳಿದಿದ್ದಳು. ನಾವೆಲ್ಲರೂ ಹಾಗೇ ತಿಳಿದಿದ್ದೆವು.

ಈ ವರ್ಷ ಚಳಿಗಾಲದಲ್ಲಿ ಕಾಕಾ ಹೋದರು. ಅಂಗಡಿಯಲ್ಲಿ ಕೂತಲ್ಲಿಯೇ ಎದೆ ಹಿಡಿದುಕೊಂಡರಂತೆ. ನನಗೆ ಕಾಗದ ತಲುಪಿದ್ದು ಐದನೆಯ ದಿನ. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು, ಹೋಗಲಿಲ್ಲ. ಪರೀಕ್ಷೆ ಮುಗಿದ ಮೇಲೂ ಹೋಗಲಿಲ್ಲ.

ಹೋದ ತಿಂಗಳು ಹೋದಾಗ ಕಾಕು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಉಸಿರಿಗಾಗಿ ನಡುನಡುವೆ ನಿಲ್ಲಿಸಿ ಮಾತಾಡಿದರು. ಗಂಡನ ಬಗ್ಗೆಯೇ ಮಾತು.

“ಹದಿನೆಂಟು ವರ್ಷದ ಸಂಸಾರದಾಗ ನನಗ ಒಂದ ಸುಳ್ಳ ಹೇಳ್ಯಾರ, ಒಂದ. ದವಾಖಾನ್ಯಾಗಿದ್ದಾಗ ಒಂದ ಸಲ ಖಂಡ ಕಹಿ ತಂದ್ರು. ಬಾಯಾಗ ಇಡಾಕ ಬರವಲ್ದು. ಯಾಕ ಅಂದ್ರ, ಬೆಂಕಿ ಮುಂದ ನಿದ್ದಿ ಹತ್ತಿತ್ತು ಅಂದ್ರು. ಬೆಂಕಿ ಮುಂದ ನಿದ್ದಿ ಹೋಗೂ ಮನಷ್ಯಾರ ಅವರು?”

ಕಾಕು ಉಸಿರು ಎಳೆದುಕೊಂಡು ಮುಂದುವರಿಸಿದರು.

“ನನಗ ಗೊತ್ತೈತಿ. ನಿಮ್ಮವ್ವ ನೀರ ಹಾಕ್ಯಾಳ ಬೆಂಕಿಗೆ. ಆಕಿಗೆ ನೂಲಿಂದ ಚಿಂತಿ. ಓಣ್ಯಾಗ ಜಗಳ ಆದೀತಂತ ಇವರು ಮುಚ್ಚಿಟ್ರು. ನಾನೂ ಬಾಯಿ ಬಿಡಲಿಲ್ಲ. ಆದ್ರ ಆಕಿ ಮನ್ಯಾಗ ನೀರ ಕುಡಿಯಾಕ ಮನಸ್ಸ ಬರಲಿಲ್ಲ ನನಗ, ಇವತ್ತಿನ ತನಾ.”

ಆರು ವರ್ಷ. ಕಾಕುವಿಗೆ ಎಲ್ಲ ಗೊತ್ತಿದೆ, ದೊಡ್ಡ ಮನಸ್ಸಿನಿಂದ ಎತ್ತಿ ಆಡುತ್ತಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

“ಅವ್ವ ಅಲ್ಲರಿ ಕಾಕು. ನಾನು,” ಅಂದೆ. ಗೋಣಿಯ ವಿಷಯವನ್ನು ಮೊದಲಿನಿಂದ ಹೇಳಿದೆ. ನಾನು ಅಷ್ಟು ಉದ್ದ ಮಾತಾಡಿದ್ದು ಕಡಿಮೆ.

ಕಾಕು ಬೈಯಲಿಲ್ಲ. “ಬಿ.ಎಸ್‌ಸಿ. ಓದಾಕಿ,” ಎಂದಷ್ಟೇ ಅಂದು, ಗೋಡೆ ಹಿಡಿದು ಎದ್ದರು. ನಾನು ಕೈ ಕೊಡಲು ಹೋದರೆ ಬೇಡವೆಂದರು. ಅಂಗಳ ದಾಟಿ, ಓಣಿಗೆ ಇಳಿದು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ನಮ್ಮ ಬಾಗಿಲಿಗೆ ಹೋದರು. ಅವ್ವ ರಾಟೆಯ ಮುಂದೆ ಕೂತಿದ್ದಳು.

“ಅಕ್ಕಾ,” ಅಂದರು ಕಾಕು. “ಒಂದ ತಂಬಗಿ ನೀರ ಕೊಡು. ಆಮ್ಯಾಗ ಹೇಳ್ತೀನಿ.”

ಅವ್ವನಿಗೆ ಏನೂ ಅರ್ಥವಾಗಿರಲಿಲ್ಲ. ಆದರೂ ರಾಟೆ ಬಿಟ್ಟು ಗಡಬಡಿಸಿ ಎದ್ದಳು.

ನಾನು ಒಳಗೆ ಹೋಗಲಿಲ್ಲ. ಓಣಿಯಲ್ಲೇ ನಿಂತೆ. ನನ್ನನ್ನು ಉಳಿಸಲೆಂದು ಕಾಕಾ ಹೇಳಿದ ಒಂದು ಮಾತು ಈ ಇಬ್ಬರು ಹೆಂಗಸರ ನಡುವೆ ಆರು ವರ್ಷ ಕೂತಿತ್ತು ಎನ್ನುವುದು ಕಾಕಾಗೆ ಗೊತ್ತಾಗಲೇ ಇಲ್ಲ. ತಪ್ಪು ಒಪ್ಪಿಕೊಂಡು ಅದನ್ನು ಬಿಡಿಸಬಹುದಾಗಿದ್ದವಳು ನಾನೊಬ್ಬಳೇ. ಪ್ರತಿ ರಜೆಗೂ ಊರಿಗೆ ಬಂದಿದ್ದೆ, ಪ್ರತಿ ಸಲವೂ ಅವರು ಗೋಡೆಯ ಹತ್ತಿರ ಬಂದು ಮಾತಾಡಿಸಿದ್ದರು. ತಪ್ಪಾಯಿತು ಎನ್ನಲು ಎರಡು ನಿಮಿಷ ಸಾಕಿತ್ತು…